72 ಮನೆ, ಒಂದು ತೋಟ: ಎಲ್ಲಿಂದ ಶುರು ಮಾಡೋಣ?

ಪ್ರಶ್ನೆ: ನಾವು ಪುಣೆಯ ಬಾಣೇರ್‌ನಲ್ಲಿ 72 ಫ್ಲಾಟ್‌ಗಳ ಸೊಸೈಟಿಯಲ್ಲಿದ್ದೇವೆ. ಎರಡು ಬಿಲ್ಡಿಂಗ್, ಹನ್ನೊಂದು ವರ್ಷ ಹಳೆಯವು. ಟೆರೇಸ್ ಮೇಲೆ ತರಕಾರಿ ತೋಟ ಮಾಡಿ ಮನೆಗೊಂದು ಪಾತಿ ಹಂಚಬೇಕು, ಕೆಳಗೆ ಎಲ್ಲರೂ ಕೂರಲು ಒಂದು ಜಾಗ ಮಾಡಬೇಕು ಎಂದು ಕೆಲವರಿಗೆ ಆಸೆ. ಕಮಿಟಿಯವರು ಬೇಡ ಅಂದಿಲ್ಲ. ಆದರೆ ಮಾರ್ಚ್ ಬಂತೆಂದರೆ ನಮಗೆ ಟ್ಯಾಂಕರ್ ನೀರೇ ಗತಿ. ಮೇಲಿನ ಮಹಡಿಯವರಿಗೆ ಸೋರುವ ಭಯ, ಕೆಳಗಿನವರಿಗೆ ಸೊಳ್ಳೆ ಮತ್ತು ಗೊಬ್ಬರದ ವಾಸನೆಯ ಭಯ. ಗದಗದಿಂದ ಬಂದ ನನ್ನ ತಾಯಿಗೆ ಮರಾಠಿ ಬರುವುದಿಲ್ಲ, ಇಡೀ ದಿನ ಮನೆಯೊಳಗೇ ಇರುತ್ತಾರೆ. ಈ ತೋಟದಿಂದ ಅವರಿಗೂ ನಾಲ್ಕು ಜನರ ಒಡನಾಟ ಸಿಗಲಿ ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಟೆರೇಸ್‌ನಿಂದ ಶುರು ಮಾಡಬೇಡಿ. ಕೆಳಗಿನಿಂದ ಮಾಡಿ.

ಗೇಟಿನಿಂದ ಲಿಫ್ಟಿಗೆ ಹೋಗುವ ದಾರಿಯ ಪಕ್ಕ ಎಲ್ಲಿ ಜಾಗವಿದೆ ನೋಡಿ. ಅಲ್ಲಿ ಒಂದು ಕಟ್ಟೆ, ಒಂದು ನಲ್ಲಿ, ಗೊಬ್ಬರದ ಎರಡು ತೊಟ್ಟಿ, ನಾಲ್ಕೈದು ಪಾತಿ ಬರಲಿ. ಎಲ್ಲವೂ ಒಂದೇ ಕಡೆ, ಕೂತಲ್ಲಿಂದ ಕಾಣುವ ಹಾಗೆ. ಸೊಸೈಟಿಗಳಿಗೆ ತೋಟ, ನೀರು, ಕಸದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಎಲ್ಲ ಕಡೆ ನಾನು ಮೊದಲು ಹೇಳುವುದು ಇದನ್ನೇ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಕ್ಲಬ್‌ಹೌಸ್ ಹಿಂದುಗಡೆ ಇರುತ್ತದೆ, ಬೀಗದ ಕೈ ಸೆಕ್ರೆಟರಿ ಮನೆಯಲ್ಲಿ. ಗೊಬ್ಬರದ ಗುಂಡಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ. ತೋಟ ಹತ್ತನೇ ಮಹಡಿಯ ಮೇಲೆ. ಮೂರಕ್ಕೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ಕಾರಣ ಬೇಕು. ಯಾರೂ ಹೋಗುವುದಿಲ್ಲ. ದಾರಿಯ ಪಕ್ಕ ಇದ್ದರೆ ಹಾಲು ತರಲು ಹೋದವರು ನಿಂತು ನೋಡುತ್ತಾರೆ, ಬದನೆ ಗಿಡಕ್ಕೆ ಹುಳ ಬಿದ್ದದ್ದನ್ನು ಯಾರೋ ಒಬ್ಬರು ಹೇಳುತ್ತಾರೆ. ಪುಣೆಯ ಹಳೇ ಪೇಟೆಗಳ ವಾಡೆಗಳಲ್ಲಿ, ಅಂದರೆ ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆಗಳಲ್ಲಿ, ನಡುವಿನ ಚೌಕ ದಾಟದೆ ಮನೆಯೊಳಗೆ ಹೋಗಲು ಆಗುತ್ತಿರಲಿಲ್ಲ. ತುಳಸಿ, ನೀರು, ಮಕ್ಕಳ ಗಲಾಟೆ, ಜಗಳ ಎಲ್ಲ ಅಲ್ಲೇ. ಯಾರೂ ಅದಕ್ಕೆ 'ಗ್ಯಾದರಿಂಗ್ ಸ್ಪೇಸ್' ಅಂತ ಬೋರ್ಡು ಹಾಕಿರಲಿಲ್ಲ.

ಜಾಗ ಗುರುತಿಸುವ ಮೊದಲು ಮಂಜೂರಾದ ನಕ್ಷೆ ತೆಗೆದು ನೋಡಿ. ಬಿಲ್ಡರ್ ಹಸಿರು ಬಣ್ಣ ಬಳಿದು ತೋರಿಸಿದ್ದೆಲ್ಲ ಮಣ್ಣಲ್ಲ. ಹುಲ್ಲಿನ ಕೆಳಗೆ ನೀರಿನ ಸಂಪ್ ಇರಬಹುದು, ಪಾರ್ಕಿಂಗಿನ ಸ್ಲ್ಯಾಬ್ ಇರಬಹುದು. ಸಂಪ್ ಮೇಲೆ ಮರ ನೆಟ್ಟರೆ ಬೇರು ಒಳಗೆ ಇಳಿಯುತ್ತದೆ, ಪಕ್ಕದಲ್ಲಿ ಗೊಬ್ಬರ ಹಾಕಿದರೆ ಕುಡಿಯುವ ನೀರಿಗೆ ಅಪಾಯ. ಫೈರ್ ಬ್ರಿಗೇಡ್ ಗಾಡಿ ತಿರುಗುವ ದಾರಿಯನ್ನು ಒಂದು ಕುಂಡದಷ್ಟೂ ಮುಚ್ಚುವ ಹಾಗಿಲ್ಲ. ಈಗಿರುವ ಮರಗಳನ್ನು ನೆರಳು ಜಾಸ್ತಿಯಾಯಿತು ಅಂತ ನೀವೇ ಕಡಿಸಬೇಡಿ. ಮಹಾರಾಷ್ಟ್ರದಲ್ಲಿ 1975ರ ನಗರ ಮರಗಳ ಕಾಯ್ದೆ ಇದೆ, ಸೊಸೈಟಿಯ ಸ್ವಂತ ಮರಕ್ಕೂ ಪಾಲಿಕೆಯ ಅನುಮತಿ ಬೇಕು.

ಈಗ ಕಟ್ಟೆಯ ವಿಷಯ. ನಿಮ್ಮ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತೇನೆ. ಅವರಿಗೆ ಒಗ್ಗುವ ಜಾಗ ಮಕ್ಕಳಿಗೂ ಬಸುರಿಯರಿಗೂ ಒಗ್ಗುತ್ತದೆ. ಕೂರುವ ಎತ್ತರ 45 ಸೆಂಟಿಮೀಟರ್ ಇರಲಿ. ತಗ್ಗಾಗಿ ಕಟ್ಟಿದರೆ ಮಂಡಿ ನೋವಿರುವವರು ಕೂತ ಮೇಲೆ ಏಳಲು ಒದ್ದಾಡುತ್ತಾರೆ. ಬೆನ್ನಿಗೆ ಒರಗು ಬೇಕು, ಒಂದು ಕಡೆಯಾದರೂ ಕೈ ಊರಿ ಏಳಲು ಹಿಡಿ ಬೇಕು. ಗ್ರಾನೈಟ್ ಹಾಸಬೇಡಿ, ಬೇಸಗೆಯ ಸಂಜೆ ಐದಕ್ಕೂ ಅದು ಸುಡುತ್ತಿರುತ್ತದೆ. ಸಾಲು ಬೆಂಚಿಗಿಂತ ಎಲ್ ಆಕಾರ ಒಳ್ಳೆಯದು, ಮುಖ ನೋಡಿಕೊಂಡು ಮಾತಾಡಬಹುದು. ಮಳೆಗಾಲಕ್ಕೆ ಮೇಲೊಂದು ಶೀಟ್ ಬೇಕೇ ಬೇಕು. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಜಾಗ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಮಾತು, ಕಮಿಟಿ ಮೀಟಿಂಗಿನಲ್ಲಿ ಹೇಳಲು ಎಲ್ಲರೂ ಸಂಕೋಚ ಪಡುತ್ತಾರೆ. ಹತ್ತಿರದಲ್ಲಿ ಬಾತ್‌ರೂಮ್ ಇಲ್ಲದಿದ್ದರೆ ವಯಸ್ಸಾದವರು ಅರ್ಧ ಗಂಟೆಗಿಂತ ಜಾಸ್ತಿ ಕೆಳಗೆ ಕೂರುವುದಿಲ್ಲ. ವಾಚ್‌ಮನ್‌ಗೆಂದು ಕಟ್ಟಿದ ಒಂದು ಇರುತ್ತದಲ್ಲ, ಅದನ್ನು ರಿಪೇರಿ ಮಾಡಿಸಿ, ನೀರು ಲೈಟು ಕೊಟ್ಟು, ಎಲ್ಲರಿಗೂ ತೆರೆದಿಡಿ. ವಾಚ್‌ಮನ್‌ಗೂ ಒಳ್ಳೆಯದಾಯಿತು.

ಬರೀ ಕೂರಲು ಜಾಗ ಕೊಟ್ಟರೆ ಭಾಷೆ ಬಾರದವರು ಬರುವುದಿಲ್ಲ. ಬಂದರೂ ಸುಮ್ನೆ ಕೂತು ಎದ್ದು ಹೋಗುತ್ತಾರೆ. ಕೈಗೆ ಕೆಲಸ ಬೇಕು. ಒಂದು ಪಾತಿ ಪುಂಡಿ ಹಾಕಿಸಿ. ಮರಾಠಿಯವರೂ ಅಂಬಾಡಿ ಅಂತ ಅದನ್ನು ಪ್ರೀತಿಯಿಂದ ತಿನ್ನುತ್ತಾರೆ. ಜೋಳದ ನುಚ್ಚು ಹಾಕಿ ಪುಂಡಿ ಪಲ್ಯ ಮಾಡುವವರು ಒಬ್ಬರು, ಬೇಳೆ ಮತ್ತು ಶೇಂಗಾ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಡುವವರು ಇನ್ನೊಬ್ಬರು. ಸಂಜೆ ಐದಕ್ಕೆ ಸೊಪ್ಪು ಕೊಯ್ದು ಕಟ್ಟೆಯ ಮೇಲೆ ಸೋಸುವ ಕೆಲಸ ನಿಮ್ಮ ತಾಯಿಗೆ ವಹಿಸಿ. 'ಸಹಾಯ ಮಾಡಲಿ' ಅಂತಲ್ಲ, ಜವಾಬ್ದಾರಿ ಅಂತಲೇ ಕೊಡಿ. ಬೀಜ ಎತ್ತಿಡುವುದೂ ಅವರ ಕೈಯಲ್ಲಿರಲಿ. ಗದಗಿನ ಕಡೆಯವರಿಗೆ ಯಾವ ಹೀರೆಯನ್ನು ಬೀಜಕ್ಕೆ ಬಿಡಬೇಕು, ಬೂದಿ ಹಚ್ಚಿ ಹೇಗೆ ಇಡಬೇಕು ಅಂತ ನನ್ನಂಥವರು ಹೇಳಿಕೊಡಬೇಕಾಗಿಲ್ಲ. ಚಳಿಗಾಲದಲ್ಲಿ ಪುಣೆಯವರು ಎಳೆ ಜೋಳದ ತೆನೆ ಸುಟ್ಟು ತಿನ್ನುವ ಹುರ್ಡಾ ಪಾರ್ಟಿಗೆ ದುಡ್ಡು ಕೊಟ್ಟು ಊರಾಚೆ ಹೋಗುತ್ತಾರೆ. ನಮ್ಮ ಕಡೆ ಅದೇ ಸೀತನಿ, ಅದನ್ನು ಸುಡುವುದು ಗೊತ್ತಿರುವ ಅಜ್ಜಿ ನಿಮ್ಮ ಮನೆಯಲ್ಲೇ ಇದ್ದಾರೆ ಅಲ್ವಾ? ತೆನೆ ಒಂದು ಚೀಲ ತರಿಸಿದರೆ ಕಟ್ಟೆಯ ಮುಂದೆಯೇ ಆಗುತ್ತದೆ.

ಕಟ್ಟೆ ಮಾತ್ರ ಯಾರದೇ ಬೆಡ್‌ರೂಮ್ ಕಿಟಕಿಯ ಕೆಳಗೆ ಬೇಡ. ರಾತ್ರಿ ಹತ್ತರ ನಂತರದ ನಗುವಿಗೆ ಮೊದಲ ಮಹಡಿಯವರು ಕೊಡುವ ದೂರು ತೋಟವನ್ನೇ ಮುಳುಗಿಸುತ್ತದೆ.

ಗೊಬ್ಬರಕ್ಕೆ ಬರೋಣ. ನನ್ನ ಮಟ್ಟಿಗೆ ಇದೇ ತೋಟದ ತಳಪಾಯ. ಒಂದು ಮನೆಯಿಂದ ದಿನಕ್ಕೆ ಅರ್ಧ ಕಿಲೋ ಹಸಿ ಕಸ ಅಂದರೂ ನಿಮ್ಮಲ್ಲಿ 36 ಕಿಲೋ ಆಯಿತು. 2016ರ ಘನತ್ಯಾಜ್ಯ ನಿಯಮದಲ್ಲೇ, 5,000 ಚದರ ಮೀಟರ್‌ಗಿಂತ ದೊಡ್ಡ ಸೊಸೈಟಿಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಕೊಳೆಸಬೇಕು ಎಂದು ಬಂದಿತ್ತು. ಆದರೂ 36 ಕಿಲೋ ಒಂದೇ ಸಲ ತಲೆಗೆ ಕಟ್ಟಿಕೊಳ್ಳಬೇಡಿ. ಒಪ್ಪಿದ ಹತ್ತು ಹನ್ನೆರಡು ಮನೆಗಳಿಂದ ಶುರು ಮಾಡಿ. ಗಾಳಿ ಆಡುವ ಹಾಗೆ ಸಂದು ಬಿಟ್ಟು ಇಟ್ಟಿಗೆಯಲ್ಲಿ ಎರಡು ತೊಟ್ಟಿ ಕಟ್ಟಿಸಿ, ಒಂದೊಂದೂ ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಎತ್ತರ. ಅದಕ್ಕಿಂತ ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಒಂದು ಬಕೆಟ್ ಹಸಿ ಕಸಕ್ಕೆ ಒಂದೂವರೆ ಬಕೆಟ್ ತರಗೆಲೆ. ಪ್ರತಿ ಸಲವೂ ಮೇಲಿನ ಪದರ ಎಲೆಯದೇ ಆಗಿರಬೇಕು, ಹಸಿ ಕಸ ಕಣ್ಣಿಗೆ ಬೀಳಬಾರದು. ಇಷ್ಟು ಮಾಡಿದರೆ ನೊಣ ಬರುವುದಿಲ್ಲ, ವಾಸನೆಯೂ ಇಲ್ಲ.

ವಾಸನೆ ಬಂತು ಅಂದರೆ ನೀರು ಜಾಸ್ತಿಯಾಗಿ ಒಳಗೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ಎಲೆ ಸೇರಿಸಿ ತಿರುವಿ ಹಾಕಿ. ಏನೂ ಬಾರದಿದ್ದರೆ ಸ್ವಲ್ಪ ನೀರು ಚಿಮುಕಿಸಿ. ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಮುಟ್ಟಿ ಹಿಡಿದಿಡಲು ಆಗದಷ್ಟು ಬಿಸಿ ಇದ್ದರೆ ಕೆಲಸ ಸರಿಯಾಗಿ ನಡೀತಿದೆ. ಒಳಗೆ 55ರಿಂದ 65 ಡಿಗ್ರಿ ಏರುತ್ತದೆ, ಕಳೆಯ ಬೀಜ, ಹುಳದ ಮೊಟ್ಟೆ ಅಲ್ಲೇ ಸಾಯುತ್ತವೆ. ಒಂದು ತೊಟ್ಟಿ ತುಂಬಿದ ಮೇಲೆ ಎರಡು ತಿಂಗಳು ಬಿಡಿ, ಅಷ್ಟರಲ್ಲಿ ಇನ್ನೊಂದು ತುಂಬಿಸಿ. ಮೀನು ಮಾಂಸದ ಉಳಿಕೆ ಮೊದಲ ವರ್ಷ ಬೇಡ, ಇಲಿ ಬೆಕ್ಕಿನ ಕಾಟ. ತೆಂಗಿನ ಚಿಪ್ಪು ಯಾವತ್ತೂ ಬೇಡ.

ಎಲೆ ಎಲ್ಲಿಂದ ತರೋದು ಅಂತ ಕೇಳಬೇಡಿ. ಫೆಬ್ರವರಿ ಮಾರ್ಚ್‌ನಲ್ಲಿ ಪುಣೆಯ ರಸ್ತೆ ತುಂಬ ಅದೇ. ಇಲ್ಲಿ ಬ್ರೌನ್ ಲೀಫ್ ಎಂಬ ನಾಗರಿಕರ ಬಳಗವಿದೆ. ತರಗೆಲೆ ಬೇಡವಾದವರನ್ನೂ ಬೇಕಾದವರನ್ನೂ ಅದು ಜೋಡಿಸುತ್ತದೆ. ಆ ಎರಡು ತಿಂಗಳಲ್ಲಿ ಚೀಲಗಟ್ಟಲೆ ತುಂಬಿಟ್ಟುಕೊಳ್ಳಿ, ವರ್ಷವಿಡೀ ಬೇಕಾಗುತ್ತದೆ. ತೊಟ್ಟಿ ತಿರುವುವ ಕೆಲಸವನ್ನು ತೋಟದ ಮಾಳಿಯ ಮೇಲೆ ಪುಕ್ಕಟೆ ಹೇರಬೇಡಿ. ಅದಕ್ಕೆ ಬೇರೆ ಸಂಬಳ ಕೊಡಿ. ಇಲ್ಲವೇ ಸ್ವಚ್ಛ್ ಸಹಕಾರ ಸಂಘದ ಸದಸ್ಯರನ್ನು ಕೇಳಿ. ಕಸ ಆಯುವವರೇ ಅದರ ಒಡೆಯರು. 2008ರಿಂದ ಪಾಲಿಕೆಯ ಜೊತೆಗಿನ ಒಪ್ಪಂದದಲ್ಲಿ ಮನೆ ಮನೆಯ ಕಸ ಎತ್ತುತ್ತಿದ್ದಾರೆ. ನಿಮ್ಮ ಸೊಸೈಟಿಗೆ ಕಸ ಎತ್ತಲು ಬರುವ ಹೆಂಗಸಿಗೆ ನಿಮ್ಮ ಕಸದ ಬಗ್ಗೆ ಕಮಿಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಗಣಪತಿ ಹಬ್ಬದ ನಿರ್ಮಾಲ್ಯವೂ ಇದೇ ತೊಟ್ಟಿಗೆ ಹೋಗಲಿ, ದಾರ ಮತ್ತು ಪ್ಲಾಸ್ಟಿಕ್ ಬಿಡಿಸಿ. ಶಾಡೂ ಮಣ್ಣಿನ ಮೂರ್ತಿಯನ್ನು ಡ್ರಮ್ಮಿನಲ್ಲಿ ಕರಗಿಸಿ ಆ ಮಣ್ಣನ್ನು ಮುಂದಿನ ವರ್ಷಕ್ಕೆ ಎತ್ತಿಡಬಹುದು.

ನೀರಿನ ವಿಷಯದಲ್ಲಿ ಭಯಕ್ಕಿಂತ ಲೆಕ್ಕ ಮುಖ್ಯ. 60 ಚದರ ಮೀಟರ್ ಪಾತಿ ಅಂದುಕೊಳ್ಳಿ. ಎಲೆ ಮುಚ್ಚಿಗೆ ಹಾಕಿ ಡ್ರಿಪ್ ಕೊಟ್ಟರೆ ಬೇಸಗೆಯಲ್ಲೂ ಒಂದು ಚದರ ಮೀಟರ್‌ಗೆ ದಿನಕ್ಕೆ ಐದು ಲೀಟರ್ ಸಾಕು. ಒಟ್ಟು 300 ಲೀಟರ್. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನರ ಒಂದು ಫ್ಲಾಟಿಗೆ 540 ಲೀಟರ್. ಅಂದರೆ ನಿಮ್ಮ ಇಡೀ ತೋಟ ಒಂದು ಮನೆಯಷ್ಟೂ ನೀರು ಕುಡಿಯುವುದಿಲ್ಲ. ಟ್ಯಾಂಕರ್ ಬಿಲ್ಲು ತೋರಿಸಿ ತೋಟ ಬೇಡ ಅನ್ನುವವರ ಮುಂದೆ ಈ ಲೆಕ್ಕ ಇಡಿ. ಅದೇ ಉಸಿರಿನಲ್ಲಿ ಬಿಲ್ಡರ್ ಬಿಟ್ಟುಹೋದ ಹುಲ್ಲುಹಾಸು ಎಷ್ಟು ಕುಡಿಯುತ್ತಿದೆ ಅಂತಲೂ ಕೇಳಿ. ಮಾಳಿ ಪೈಪ್ ಬಿಟ್ಟು ಚಹಾಕ್ಕೆ ಹೋದರೆ 300 ಲೀಟರ್ ಅಲ್ಲೇ ಹೋಗಿರುತ್ತದೆ.

ಮಳೆ ನೀರಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. 400 ಚದರ ಮೀಟರ್ ಟೆರೇಸ್ ಮೇಲೆ 2.8 ಲಕ್ಷ ಲೀಟರ್ ಬೀಳುತ್ತದೆ. ಸೋರಿ ಆರಿ ಹೋದದ್ದನ್ನು ಕಳೆದರೂ 10,000 ಲೀಟರ್‌ನ ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕರ್. ತೊಂದರೆ ಏನಂದರೆ ಅದು ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ, ಅಷ್ಟನ್ನೂ ತುಂಬಿಡುವ ಟ್ಯಾಂಕ್ ಯಾರ ಹತ್ತಿರವೂ ಇಲ್ಲ. ನೆಲಕ್ಕೆ ಇಳಿಸಬೇಕು. ಪುಣೆಯ ಕೆಳಗೆ ಇರುವುದು ಕರಿಕಲ್ಲು. ಬಿರುಕು ಇದ್ದ ಕಡೆ ಮಾತ್ರ ನೀರು ಇಳಿಯುತ್ತದೆ. ಹಾಗಾಗಿ ಎಲ್ಲೋ ಒಂದು ಗುಂಡಿ ತೋಡಿಸಿ ರೀಚಾರ್ಜ್ ಆಯಿತು ಅಂತ ಫೋಟೋ ತೆಗೆಸಿಕೊಳ್ಳುವ ಬದಲು ಭೂಜಲ ತಿಳಿದವರೊಬ್ಬರಿಗೆ ಜಾಗ ತೋರಿಸಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದ್ದರೆ ಅದರ ನೀರು ಹೂವಿನ ಗಿಡಕ್ಕೆ, ಮರಕ್ಕೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಮಾತ್ರ ಬೇಡ.

ಮನೆಗೊಂದು ಪಾತಿ ಹಂಚುವ ಯೋಚನೆ ಬಿಟ್ಟುಬಿಡಿ. 60 ಚದರ ಮೀಟರ್ ಜಾಗವನ್ನು 72ರಿಂದ ಭಾಗಿಸಿದರೆ ಒಂದು ಮನೆಗೆ ಒಂದು ಮೀಟರ್ ಚೌಕವೂ ಬರುವುದಿಲ್ಲ. ಎರಡು ತಿಂಗಳಾದ ಮೇಲೆ ಅರ್ಧ ಪಾತಿ ಒಣಗಿರುತ್ತವೆ, ಉಳಿದರ್ಧದ ಟೊಮೆಟೊವನ್ನು ಯಾರು ಕಿತ್ತರು ಅಂತ ವಾಟ್ಸ್ಯಾಪ್ ಗ್ರೂಪಿನಲ್ಲಿ ಮಹಾಭಾರತ. ಹತ್ತು ಮನೆಗೆ ಒಬ್ಬರು ದುಡಿಯಲು ಬಂದರೆ ನಿಮ್ಮ ಪುಣ್ಯ. ಅಂಥ ಏಳೆಂಟು ಜನ ಇದ್ದರೆ ಸಾಕು. ಪಾತಿಗಳನ್ನು ಅವರು ಗುಂಪಾಗಿ ನೋಡಿಕೊಳ್ಳಲಿ, ಒಂದೊಂದು ಪಾತಿಯಲ್ಲಿ ಒಂದೇ ಬೆಳೆ. ಭಾನುವಾರ ಬೆಳಗ್ಗೆ ಕೊಯ್ಲು, ಕಟ್ಟೆಯ ಮೇಲೆ ಹರಡುವುದು. ದುಡಿದವರು ಮೊದಲು ಒಯ್ಯಲಿ, ಉಳಿದದ್ದನ್ನು ಮಿಕ್ಕವರಿಗೆ ಮಾರಿ ದುಡ್ಡು ತೋಟದ ಡಬ್ಬಿಗೆ. ಉಚಿತ ಕೊಡಬೇಡಿ. ಉಚಿತ ಅಂದರೆ ಕೆಲಸಕ್ಕೆ ಬಾರದವರೇ ಮೊದಲು ಬರುತ್ತಾರೆ, ಅದು ನೋಡಿ ದುಡಿದವರ ಹುರುಪು ಹೋಗುತ್ತದೆ. ಕರಿಬೇವು, ನುಗ್ಗೆ, ಮಜ್ಜಿಗೆಹುಲ್ಲು ಮಾತ್ರ ಎಲ್ಲರದ್ದು, ಕೇಳುವುದೇ ಬೇಡ. ಕೊಯ್ಯಲು ಒಂದು ಕತ್ತರಿಯನ್ನು ಅಲ್ಲೇ ತೂಗುಹಾಕಿ.

ತೋಟಗಳು ಸಾಯುವ ತಿಂಗಳು ಮೇ. ಮಕ್ಕಳಿಗೆ ರಜೆ, ನಾವೆಲ್ಲ ಗದಗ, ಉಡುಪಿ, ಶಿರಸಿ ಅಂತ ಊರಿಗೆ. ಮಾಳಿಯೂ ಅವನ ಊರಿಗೆ. ಟ್ಯಾಂಕರ್ ಬೆಲೆ ಏರುವುದೂ ಆಗಲೇ. ಅದರ ವಿರುದ್ಧ ಹೋರಾಡಬೇಡಿ, ತೋಟಕ್ಕೂ ರಜೆ ಕೊಡಿ. ಏಪ್ರಿಲ್ ಕೊನೆಗೆ ಪಾತಿ ಖಾಲಿ ಮಾಡಿ ಗೊಬ್ಬರ ಹರಡಿ, ಮೇಲೆ ಒಂದು ಗೇಣು ತರಗೆಲೆ ಮುಚ್ಚಿ, ವಾರಕ್ಕೊಮ್ಮೆ ಒದ್ದೆ ಮಾಡಿದರೆ ಸಾಕು. ಬಸಳೆ ಚಪ್ಪರ ಒಂದನ್ನು ನೆರಳಿನ ಕಡೆ ಉಳಿಸಿಕೊಳ್ಳಬಹುದು. ಜೂನ್ ಮಳೆಗೆ ಎಲೆ ಸರಿಸಿದರೆ ಮಣ್ಣು ಬಿತ್ತಲು ತಯಾರು. ಆಗ ಪುಂಡಿ, ಬೆಂಡೆ, ಹೀರೆ, ಪಡವಲ, ಮೆಣಸಿನಕಾಯಿ. ಅಕ್ಟೋಬರ್‌ನಿಂದ ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿ, ಟೊಮೆಟೊ. ಮೊದಲ ವರ್ಷ ಹೂಕೋಸು ಮುಟ್ಟಬೇಡಿ. ಹೀರೆ ಹೂ ಅರಳುವುದು ಸಂಜೆ. ದುಂಬಿ ಬಾರದೆ ಕಾಯಿ ಕಟ್ಟದಿದ್ದರೆ ಆರರ ಹೊತ್ತಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒರೆಸಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಗೊತ್ತಿಲ್ಲ.

ಸೊಳ್ಳೆ ಬಗ್ಗೆ: ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಬೆಚ್ಚಗಿನ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ವಾರಕ್ಕೊಂದು ದಿನ ಗೊತ್ತು ಮಾಡಿ ತಟ್ಟೆ, ಡ್ರಮ್ಮು, ಬಕೆಟ್ ಎಲ್ಲ ಬೋರಲು ಹಾಕಿ ಒಣಗಿಸಿ. ಕುಂಡದ ಕೆಳಗಿನ ತಟ್ಟೆಗಳನ್ನು ಎಸೆದೇ ಬಿಡಿ. ಹಾಗೆಯೇ ಫ್ಲಾಟ್‌ಗಳ ಬಾಲ್ಕನಿಯ ಮನಿಪ್ಲಾಂಟ್ ಬಾಟಲಿಗಳನ್ನೂ ನೋಡಿ ಬನ್ನಿ. ತೋಟದ ಮೇಲೆ ದೂರು ಕೊಡುವವರ ಮನೆಯಲ್ಲೇ ಮರಿಹುಳ ಸಿಗುವುದುಂಟು.

ಕೊನೆಗೆ ಟೆರೇಸ್. ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮುಂಬೈ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ತಾರಸಿಯಲ್ಲಿ, ಅಲ್ಲಿ ಕೇಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಕ್ಯಾಂಟೀನಿನ ಹಸಿ ಕಸದಿಂದಲೇ ಹಣ್ಣು ತರಕಾರಿ ಬೆಳೆದು ತೋರಿಸಿದ್ದಾರೆ. ಆದರೆ ಭಾರ ನೋಡಿ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಮಾನಕದಲ್ಲಿ ಹಿಡಿಯುವ ಹೆಚ್ಚುವರಿ ಭಾರ ಒಂದು ಚದರ ಮೀಟರ್‌ಗೆ ಸುಮಾರು 150 ಕಿಲೋ. ಹೊಲದ ಮಣ್ಣು ಒಂದಡಿ ಹಾಕಿ ನೀರು ಕುಡಿಸಿದರೆ 500 ಕಿಲೋ ದಾಟುತ್ತದೆ. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ! ಹಾಗಾಗಿ ಮೇಲೆ ಮಣ್ಣು ಬೇಡವೇ ಬೇಡ. ಕೊಳೆತ ಎಲೆ, ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿದ ಹಗುರ ಮಿಶ್ರಣ, ಅದೂ ಅರ್ಧ ಅಡಿ. ಸೊಪ್ಪಿಗೆ ಅಷ್ಟು ಧಾರಾಳ. ಗಿಡದ ತೊಟ್ಟಿಗಳು ನೆಲದಿಂದ ಅರ್ಧ ಅಡಿ ಎತ್ತರದ ಸ್ಟ್ಯಾಂಡ್ ಮೇಲೆ, ಬೀಮ್ ಹಾದುಹೋಗುವ ಕಡೆ ಮಾತ್ರ. ನೀರಿನ ಟ್ಯಾಂಕಿನ ಪಕ್ಕ ಬೇಡ, ಅಲ್ಲಿ ಆಗಲೇ ಭಾರ ಇದೆ.

ಸೋರುವ ಭಯಕ್ಕೆ ಒಂದು ಉಪಾಯ: ತೋಟಕ್ಕೆ ಮೊದಲೇ ಪರೀಕ್ಷೆ ಮಾಡಿಸಿ. ಮಳೆಗಾಲ ಬರುವ ಮುಂಚೆ ಟೆರೇಸಿನ ನೀರು ಹೋಗುವ ಬಾಯಿ ಮುಚ್ಚಿ ಒಂದಂಗುಲ ನೀರು ಎರಡು ದಿನ ನಿಲ್ಲಿಸಿ, ಕೆಳಗಿನ ಮನೆಗಳ ಛಾವಣಿಯ ಫೋಟೋ ತೆಗೆದು ತಾರೀಖು ಹಾಕಿಡಿ. ಹನ್ನೊಂದು ವರ್ಷದ ಬ್ರಿಕ್‌ಬ್ಯಾಟ್ ಕೋಬಾ (ನೀರು ಇಳಿಯದಂತೆ ತಾರಸಿಗೆ ಹಾಕಿದ ಇಟ್ಟಿಗೆ ಚೂರಿನ ಪದರ) ಆಗಲೇ ಬಿರುಕು ಬಿಟ್ಟಿದ್ದರೆ ಅದು ತೋಟದ ತಪ್ಪಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ರಿಪೇರಿ ಹೇಗೂ ಮಾಡಿಸಲೇಬೇಕಿತ್ತು.

ಇನ್ನು ಕಾಗದಪತ್ರ. ಟೆರೇಸ್ ಎಲ್ಲ ಸದಸ್ಯರ ಜಾಗ, ಕಮಿಟಿಯ ಬಾಯಿಮಾತಿನ ಒಪ್ಪಿಗೆ ಸಾಲದು. ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ ವಾರ್ಷಿಕ ಸಭೆಯಲ್ಲಿ ನಿರ್ಣಯ ಆಗಲಿ: ಎಷ್ಟು ಜಾಗ, ಯಾರ ಉಸ್ತುವಾರಿ, ವರ್ಷಕ್ಕೆ ಎಷ್ಟು ಖರ್ಚು, ಸೋರಿದರೆ ಯಾರ ಹೊಣೆ. ಮಳೆ ನೀರು, ಗೊಬ್ಬರ, ಸೋಲಾರ್ ವ್ಯವಸ್ಥೆ ಇರುವ ಸೊಸೈಟಿಗಳಿಗೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ 5ರಿಂದ 10 ಪರ್ಸೆಂಟ್ ರಿಯಾಯಿತಿ ಇಟ್ಟಿದೆ. ವ್ಯವಸ್ಥೆ ನಿಜವಾಗಿ ನಡೆಯುತ್ತಿರಬೇಕು, ನೋಡಲು ಬರುತ್ತಾರೆ. ಟ್ರೆಶರರ್‌ಗೆ ಈ ಮಾತು ಮೊದಲು ಹೇಳಿ. ಟೆರೇಸ್ ಬಗ್ಗೆ ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಟ್ಟ ಕಾಗದ ಸಭೆಗೆ ಮುಂಚೆ ಕೈಯಲ್ಲಿರಲಿ. ಅದು ಬರುವ ತನಕ ಮೇಲಕ್ಕೆ ಒಂದು ಕುಂಡವನ್ನೂ ಹತ್ತಿಸಬೇಡಿ. ಕೆಳಗಿನ ಗೊಬ್ಬರದ ತೊಟ್ಟಿಗೆ ಇಟ್ಟಿಗೆ ಈ ವಾರವೇ ತರಿಸಬಹುದು.